ಇಟಲಿ ಸೈನಿಕನಿಗೆ ಜರ್ಮನ್ ಬಣ್ಣ ಬೇಡ

ಮಾನ್ಯರೇ,

ಎರಡನೇ ಮಹಾಯುದ್ಧದ ಇಟಲಿ ಪದಾತಿಯ ಪುಟ್ಟ ಮಾದರಿಗಳಿಗೆ ನಮ್ಮೂರ ಹವ್ಯಾಸಿಗಳು ಹಲವರು ಜರ್ಮನ್ ಬೂದುಬಣ್ಣವನ್ನೇ ಬಳಿಯುತ್ತಾರೆ. ಇಟಲಿಯವರದು ಹಸಿರು ಬೆರೆತ ಬೂದು. ಉತ್ತರ ಆಫ್ರಿಕಾದಲ್ಲಾದರೆ ಖಾಕಿ. ಕಾಲರಿನ ಎರಡೂ ತುದಿಗೆ ಐದು ಮೂಲೆಯ ನಕ್ಷತ್ರ ಬೇಕು. ಹೆಲ್ಮೆಟ್‌ನ ಬಲಕ್ಕೆ ಕಪ್ಪು ಗರಿಗುಚ್ಛ ಇಟಲಿಯ ಚುರುಕು ಪದಾತಿಯಾದ ಬೆರ್ಸಾಲ್ಯೇರಿ ದಳದ ಗುರುತು, ಅಂದಕ್ಕೆಂದು ಎಲ್ಲರಿಗೂ ಸಿಕ್ಕಿಸುವಂಥದ್ದಲ್ಲ.

1:72 ಅಳತೆಯ, ಅಂದರೆ ನಿಜಗಾತ್ರದ 72ನೇ ಒಂದು ಪಾಲಿನ ಮಾದರಿಗಳು ಹೆಚ್ಚಾಗಿ ಬಾಗುವ ಮೆದು ಪ್ಲಾಸ್ಟಿಕ್. ಅಚ್ಚಿನ ಜಿಡ್ಡನ್ನು ಸೋಪುನೀರಿನಲ್ಲಿ ತೊಳೆಯದಿದ್ದರೆ ಬಣ್ಣ ಮೊದಲು ಏಳುವುದು ಬಂದೂಕಿನ ತುದಿಯಲ್ಲೇ. ತೊಳೆದು, ಒಣಗಿಸಿ, ಬಣ್ಣ ಹಿಡಿಯಲು ಮೊದಲ ಲೇಪವಾಗಿ ಪ್ರೈಮರ್ ಕೊಟ್ಟು, ಅಕ್ರಿಲಿಕ್ ಬಣ್ಣವನ್ನು ಎರಡು ತೆಳು ಲೇಪವಾಗಿ ಹಚ್ಚಿ. ಬೆಂಗಳೂರಿನ ಮಳೆಗಾಲದ ಸಂಜೆ ಸ್ಪ್ರೇ ವಾರ್ನಿಷ್ ಮುಟ್ಟಬೇಡಿ. ತೇವಕ್ಕೆ ಅದು ಬೆಳ್ಳಗೆ ಮಂಕಾಗುತ್ತದೆ. ಕುಂಚದಲ್ಲಿ ಹಚ್ಚುವ ಮ್ಯಾಟ್ ವಾರ್ನಿಷ್ ಆಗ ವಾಸಿ.

– ಮಾದರಿ ಹವ್ಯಾಸಿಗಳು, ಬೆಂಗಳೂರು