ಟ್ರಾನ್ಸಿಸ್ಟರ್ ಕೆಟ್ಟಿಲ್ಲ, ಬ್ರೆಡ್‌ಬೋರ್ಡ್ ನೋಡಿ

ಸಂಪಾದಕರೇ,

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಸಣ್ಣ ರೇಡಿಯೋ ರಿಪೇರಿ ಅಂಗಡಿ. ಪ್ರಾಜೆಕ್ಟ್ ಸಮಯ ಬಂತೆಂದರೆ ಡಿಪ್ಲೊಮಾ, ಇಂಜಿನಿಯರಿಂಗ್ ಮಕ್ಕಳು ಬರುತ್ತಾರೆ. ‘ಅಂಕಲ್, ಈ ಟ್ರಾನ್ಸಿಸ್ಟರ್ ಡೂಪ್ಲಿಕೇಟ್, ಬೇರೆ ಕೊಡಿ’ ಅಂತಾರೆ. ಟೆಸ್ಟ್ ಮಾಡಿದರೆ ಅದು ಚೆನ್ನಾಗಿಯೇ ಇರುತ್ತದೆ.

ಮೊನ್ನೆ ಒಬ್ಬ ಹುಡುಗಿ ಬಂದಳು. ಭದ್ರಾವತಿ ಆಕಾಶವಾಣಿ ಕೇಳಿಸಬೇಕು ಅಂತ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೇ ಬಿಡಿಭಾಗ ಚುಚ್ಚಿ ಸರ್ಕ್ಯೂಟ್ ಕಟ್ಟುವ ತೂತಿನ ಹಲಗೆ) ಮೇಲೆ ಬಿಸಿ 547 ಟ್ರಾನ್ಸಿಸ್ಟರ್ ಹಾಕಿ, ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್ ಕಟ್ಟಿದ್ದಳು. 1 ಕಿಲೋಹರ್ಟ್ಜ್ ಸಿಗ್ನಲ್ ಕೊಟ್ಟರೆ 100 ಪಟ್ಟು ದೊಡ್ಡದಾಗುತ್ತದೆ, ಭದ್ರಾವತಿಯ 675 ಕಿಲೋಹರ್ಟ್ಜ್‌ಗೆ ಬಂದರೆ 15 ಪಟ್ಟಿನ ಹತ್ತಿರ ಬಿದ್ದುಬಿಡುತ್ತದೆ. ಮೂರು ಟ್ರಾನ್ಸಿಸ್ಟರ್ ಬದಲಾಯಿಸಿದ್ದಳು. ಲ್ಯಾಬಿನಲ್ಲಿ ‘ಕನೆಕ್ಷನ್ ತಪ್ಪು’ ಅಂತ ಅಂಕ ಕಳೆದಿದ್ದರಂತೆ. ಕನೆಕ್ಷನ್ ಒಂದೂ ತಪ್ಪಿರಲಿಲ್ಲ.

ಬ್ರೆಡ್‌ಬೋರ್ಡಿನ ಒಳಗೆ ಲೋಹದ ಪಟ್ಟಿಗಳು ಒತ್ತೊತ್ತಾಗಿ ನಿಂತಿವೆ. ಅಕ್ಕಪಕ್ಕದ ಎರಡು ಪಟ್ಟಿ ಸೇರಿದರೆ ಸುಮಾರು 2ರಿಂದ 5 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ, ಪಿಕೋಫ್ಯಾರಡ್ ಅದರ ಅಳತೆ) ಆಗುತ್ತದೆ. ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ಸಿಗ್ನಲ್ ಅದರ ಮೂಲಕ ಸೋರಿಹೋಗುತ್ತದೆ. ಬಿಸಿ 547ರ ಕಾಲುಗಳು ಕಲೆಕ್ಟರ್ (ಇಲ್ಲಿ ಸಿಗ್ನಲ್ ಹೊರಬರುವ ಕಾಲು), ಬೇಸ್ (ಸಿಗ್ನಲ್ ಒಳಹೋಗುವ ಕಾಲು), ಎಮಿಟರ್ ಅನ್ನೋ ಸಾಲಿನಲ್ಲಿವೆ, ಹಾಗಾಗಿ ಸುಮ್ನೆ ಚುಚ್ಚಿದರೂ ಕಲೆಕ್ಟರ್ ಮತ್ತು ಬೇಸ್ ಪಕ್ಕಪಕ್ಕದ ಪಟ್ಟಿಗೇ ಬೀಳುತ್ತವೆ, ಬೋರ್ಡಿನ ಕೆಪಾಸಿಟರ್ ಅಲ್ಲಿಗೇ ಸೇರಿಕೊಳ್ಳುತ್ತದೆ. ಟ್ರಾನ್ಸಿಸ್ಟರಿನ ಒಳಗಿನದು 3, ಬೋರ್ಡಿನದು 3, ಒಟ್ಟು 6 ಅಂದುಕೊಳ್ಳಿ. ಗೇನ್, ಅಂದರೆ ಸಿಗ್ನಲ್ ದೊಡ್ಡದಾಗುವ ಪಟ್ಟು, 100 ಇದ್ದರೆ ಬೇಸ್ ಕಡೆಯಿಂದ ಅದು 600 ಪಿಕೋಫ್ಯಾರಡ್ ಥರ ಕಾಣುತ್ತದೆ! ಇದೇ ಮಿಲ್ಲರ್ ಪರಿಣಾಮ. ಟ್ರಾನ್ಸಿಸ್ಟರ್ ಹುಟ್ಟುವ ಮೊದಲೇ, 1920ರಲ್ಲಿ, ಜಾನ್ ಮಿಲ್ಲರ್ ಹಳೇ ರೇಡಿಯೋಗಳ ಗಾಜಿನ ವಾಲ್ವ್‌ಗಳ ವಿಷಯದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಸಿಗ್ನಲ್ 1 ಕಿಲೋಓಮ್ ರೆಸಿಸ್ಟೆನ್ಸ್ ಮೂಲಕ ಬಂದರೆ 265 ಕಿಲೋಹರ್ಟ್ಜ್‌ನಿಂದಲೇ ಇಳಿಯಲು ಶುರು. ಭದ್ರಾವತಿ ಅದಕ್ಕಿಂತ ಎಷ್ಟು ಮೇಲಿದೆ, ಅಲ್ವಾ?

ಇನ್ನೊಂದು ತೊಂದರೆ, ಸಿಗ್ನಲ್‌ನ ಅಲೆ ತೋರಿಸುವ ಆಸಿಲೋಸ್ಕೋಪಿನ ಪ್ರೋಬಿನಲ್ಲಿತ್ತು (ಸರ್ಕ್ಯೂಟಿಗೆ ಮುಟ್ಟಿಸಿ ಅಳೆಯುವ ತಂತಿ). ಅದರ ಸ್ವಿಚ್ 1ಎಕ್ಸ್‌ನಲ್ಲಿತ್ತು, ಅಂದರೆ ಸಿಗ್ನಲ್ ತಗ್ಗಿಸದೇ ನೇರವಾಗಿ ಸ್ಕೋಪಿಗೆ ಕೊಡುವ ಸ್ಥಾನದಲ್ಲಿ. ಹಾಗಿದ್ದಾಗ ಕೇಬಲ್ ಸೇರಿ ಸುಮಾರು 100 ಪಿಕೋಫ್ಯಾರಡ್ ಕಲೆಕ್ಟರ್ ಮೇಲೆ ಕೂರುತ್ತದೆ. ಈ ಭಾರ ಬಹಳ ಕಡಿಮೆಯಾಗುವ 10ಎಕ್ಸ್‌ಗೆ ತಿರುಗಿಸಿದೆವು, ಗೇನ್ 30 ದಾಟಿತು. ಆಮೇಲೆ ತಾಮ್ರದ ಬೋರ್ಡಿನ ತುಂಡಿನ ಮೇಲೆ ಬೆಸುಗೆ ಹಾಕಿ, ವೈರುಗಳನ್ನು ಗಿಡ್ಡ ಮಾಡಿ, ಸಪ್ಲೈ ಹತ್ತಿರವೇ 104 (0.1 ಮೈಕ್ರೋಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಇಟ್ಟೆವು. ಇನ್ನೂ ಸ್ವಲ್ಪ ಕಡಿಮೆಯೇ ಇತ್ತು. ಮೇಲೊಂದು ಟ್ರಾನ್ಸಿಸ್ಟರ್ ಸೇರಿಸಿ, ಮಿಲ್ಲರ್ ಪರಿಣಾಮ ತಗ್ಗಿಸುವ ಕ್ಯಾಸ್ಕೋಡ್ ಜೋಡಣೆ ಮಾಡಿದ ಮೇಲೆ ಭದ್ರಾವತಿ ಸ್ಪಷ್ಟವಾಗಿ ಬಂತು. ಆ ಹುಡುಗಿಯ ಮುಖ ನೋಡಬೇಕಿತ್ತು.

ಕೆಲವರಿಗೆ ಇದರ ಉಲ್ಟಾ ಆಗುತ್ತದೆ. ಸಿಗ್ನಲ್ ಕೊಡದೇ ಇದ್ದರೂ ಸ್ಕೋಪಿನಲ್ಲಿ ಅಲೆ ಕಾಣುತ್ತದೆ, ಬೆರಳಿಟ್ಟರೆ ಬದಲಾಗುತ್ತದೆ. ಅದು ಸರ್ಕ್ಯೂಟ್ ತಾನಾಗಿಯೇ ಆಸಿಲೇಟ್ ಆಗುತ್ತಿರುವುದು. ಉದ್ದ ವೈರುಗಳೂ ಇದಕ್ಕೆ ಕಾರಣ ಆಗಬಹುದು. 10 ಸೆಂಟಿಮೀಟರ್ ಜಂಪರ್ ವೈರ್ ಅಂದರೆ ಸುಮಾರು 100 ನ್ಯಾನೋಹೆನ್ರಿ ಇಂಡಕ್ಟರ್ (ಕಾಯಿಲ್ ಇದ್ದ ಹಾಗೆ) ಅನ್ನೋದು ಮರೆಯಬಾರದು.

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ. ಬ್ರೆಡ್‌ಬೋರ್ಡ್ ಆಡಿಯೋಗೆ ಬಹಳ ಒಳ್ಳೆಯದು, ಇರಲಿ. ಆದರೆ ರೇಡಿಯೋ ಪ್ರಾಜೆಕ್ಟ್‌ಗಳನ್ನು ತಾಮ್ರದ ಬೋರ್ಡ್ ಮೇಲೆ ಬೆಸುಗೆ ಹಾಕಲು ಬಿಡಿ. ಅಂಕ ಕಳೆಯುವ ಮೊದಲು ಪ್ರೋಬ್ 10ಎಕ್ಸ್‌ನಲ್ಲಿದೆಯಾ ಅಂತ ನೋಡಿ. ತಾಮ್ರದ ಬೋರ್ಡಿನ ತುಂಡುಗಳು ನನ್ನ ಹತ್ತಿರ ಬೇಕಾದಷ್ಟಿವೆ, ಕೇಳಿ ಬರುವ ಮಕ್ಕಳಿಗೆ ದುಡ್ಡಿಲ್ಲದೇ ಕೊಡುತ್ತೇನೆ.

— ಒಬ್ಬ ರೇಡಿಯೋ ರಿಪೇರಿಗಾರ, ದಾವಣಗೆರೆ