ಗುಜರಿಗೆ ಹಾಕುವ ಮುನ್ನ ಬಿಡಿಭಾಗಗಳನ್ನು ಎತ್ತಿಡಿ

ಮಾನ್ಯ ಸಂಪಾದಕರೇ,

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದಾಗ ಪತ್ರಿಕೆಗಳೆಲ್ಲ ಅವುಗಳ ನೆನಪನ್ನು ಪ್ರೀತಿಯಿಂದ ಬರೆದುಕೊಂಡವು. ಆದರೆ ಆ ಟ್ಯಾಕ್ಸಿಗಳ ಬಾಗಿಲು, ಗಾಜು, ಹಿಡಿಕೆ, ಲೈಟುಗಳು ವರ್ಷಗಳಿಂದ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಲೇ ಇದ್ದುದನ್ನು, ಹಾಗೆ ಹೋದದ್ದು ಮತ್ತೆ ಸಿಗುವ ವಸ್ತುವಲ್ಲವೆಂಬುದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಹಳೆಯ ಕಾರೊಂದನ್ನು ನಡೆಯುವ ಸ್ಥಿತಿಯಲ್ಲಿಡಲು ಹೆಣಗುತ್ತಿರುವವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿರುವುದು ತಂದೆಯವರು ಕೊಂಡ 1967ರ ಫಿಯಟ್ 1100 ಡಿಲೈಟ್. ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾದ ಈ ಮಾದರಿಯೇ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದು, ಬಹುಪಾಲು ಅದೇ 1089 ಸಿಸಿ ಎಂಜಿನ್ನಿನೊಂದಿಗೆ ಹೊಸ ಶತಮಾನದ ಹೊಸ್ತಿಲವರೆಗೂ ನಡೆದು ಬಂದಿತು. ಹೀಗಾಗಿ ಎಂಜಿನ್ನಿನ ಸಾಮಾನಿಗೆ ಅಷ್ಟಾಗಿ ಪರದಾಡಬೇಕಿಲ್ಲ. ಪಿಸ್ಟನ್ ರಿಂಗು, ಗ್ಯಾಸ್ಕೆಟ್ಟು, ಕ್ಲಚ್ ಪ್ಲೇಟು, ವಾಟರ್ ಪಂಪುಗಳು ಆಪೆರಾ ಹೌಸ್ ಸುತ್ತಲಿನ ಅಂಗಡಿಗಳಲ್ಲೋ ಪುಣೆಯ ನಾನಾ ಪೇಠೆಯಲ್ಲೋ ಹುಡುಕಿದರೆ ಇಂದಿಗೂ ದೊರೆಯುತ್ತವೆ. ಕಷ್ಟವಿರುವುದು ಬಾಡಿಯ ಸಾಮಾನುಗಳಲ್ಲಿ, ಅದರಲ್ಲೂ ಪದ್ಮಿನಿಗಿಂತ ಮೊದಲಿನ ಗಾಡಿಗಳಲ್ಲಿ.

ನಮ್ಮ ಗಾಡಿಯ ಮುಂಬಾಗಿಲುಗಳ ಕೀಲು ಹಿಂಬದಿಯ ಕಂಬದಲ್ಲಿದೆ. ಬಾಗಿಲು ಮುಂದಿನಿಂದ ತೆರೆದುಕೊಳ್ಳುತ್ತದೆ. ಓಡುವಾಗ ಲಾಕು ಬಿಟ್ಟುಕೊಂಡರೆ ಎದುರುಗಾಳಿ ಬಾಗಿಲನ್ನು ಪೂರ್ತಿಯಾಗಿ ಕಿತ್ತು ಹಿಂದಕ್ಕೆ ಬಡಿಯಬಲ್ಲದು. ಎರಡು ವರ್ಷಗಳ ಹಿಂದೆ ವಾಶಿ ಸೇತುವೆಯ ಮೇಲೆ ನನ್ನ ಪತ್ನಿ ಕುಳಿತಿದ್ದ ಬದಿಯ ಬಾಗಿಲು ಸಡಿಲಾಗಿ ಕಟಕಟನೆ ಅಲುಗತೊಡಗಿದಾಗ, ಸೇತುವೆ ದಾಟುವವರೆಗೂ ಆಕೆ ಎರಡೂ ಕೈಗಳಿಂದ ಅದನ್ನು ಎಳೆದು ಹಿಡಿದಿದ್ದಳು. ಅಂದಿನಿಂದ ಲಾಕು ಸಿಗುವವರೆಗೆ ಗಾಡಿಯನ್ನು ಹೊರಗೆ ತೆಗೆಯಲಿಲ್ಲ.

ಆ ಒಂದು ಲಾಕಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಎಲ್ಲ ಫಿಯಟ್‌ಗಳಿಗೂ ಒಂದೇ ಲಾಕೆಂದು ಹೇಳಿ ಕೊಟ್ಟದ್ದು ಪದ್ಮಿನಿಯದಾಗಿತ್ತು. ಪದ್ಮಿನಿಯ ಬಾಗಿಲಿನ ಕೀಲು ಮುಂದಿರುವುದರಿಂದ ಲಾಕು ಹಿಂದಿನ ಅಂಚಿನಲ್ಲಿ ಕೂರುತ್ತದೆ, ಅದು ನಮ್ಮ ಬಾಗಿಲಿಗೆ ಯಾವ ರೀತಿಯಲ್ಲೂ ಹೊಂದದು. ಆಮೇಲೆ ಬೇರೆ ಊರಿನ ಮಾರಾಟಗಾರರೊಬ್ಬರು ಫೋಟೋ ತೋರಿಸಿ, 4,500 ರೂಪಾಯಿ ಮುಂಗಡ ಪಡೆದು, ಫೋಟೋದಲ್ಲಿ ಇದ್ದುದನ್ನು ಬಿಟ್ಟು ಬೇರೇನನ್ನೋ ಕಳುಹಿಸಿ ಫೋನೆತ್ತುವುದನ್ನೇ ನಿಲ್ಲಿಸಿದರು. ಕೊನೆಗೆ ದಾರಿ ತೋರಿಸಿದವರು ಚೆಂಬೂರಿನ ಗ್ಯಾರೇಜೊಂದರಲ್ಲಿ ಕುಳಿತಿರುತ್ತಿದ್ದ, ಕೈ ನಡುಗುವ ಕಾರಣ ಈಗ ಕೆಲಸ ಬಿಟ್ಟಿರುವ ಹಿರಿಯ ಮಿಸ್ತ್ರಿ. ಅವರು ನಮ್ಮ ಲಾಕನ್ನು ಬಿಚ್ಚಿಸಿ ನೋಡಿ, ಪೆಟ್ಟಿಗೆ ಗಟ್ಟಿಯಾಗಿದೆ, ಸವೆದಿರುವುದು ಒಳಗಿನ ನಾಲಿಗೆ ಮತ್ತು ಸ್ಪ್ರಿಂಗು ಮಾತ್ರ ಎಂದರು. ಬಲಬಾಗಿಲಿನ ಲಾಕನ್ನು ಕನ್ನಡಿಯ ಬಿಂಬದಂತೆ ತಿರುವಿ ಅಳತೆ ಹಿಡಿದು, ಭೋಸರಿಯ ಸಣ್ಣ ವರ್ಕ್‌ಶಾಪಿನಲ್ಲಿ ಹೊಸ ನಾಲಿಗೆಯನ್ನು ಉಕ್ಕಿನಲ್ಲಿ ಕೊರೆಸಿ, ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿಸಿದೆವು. ಅಂಗಡಿಯಿಂದ ಅಂಗಡಿಗೆ ಅಲೆಯುವ ಮೊದಲು ಇಂಥವರೊಬ್ಬರಿಗೆ ಕೆಟ್ಟ ಭಾಗವನ್ನು ತೋರಿಸಿದ್ದರೆ ಅಷ್ಟು ತಿಂಗಳು ಉಳಿಯುತ್ತಿದ್ದವು.

ಎಲ್ಲವನ್ನೂ ಹೀಗೆ ಮಾಡಿಸಲಾಗುವುದಿಲ್ಲ ಎಂಬುದೂ ನಿಜ. ಬಾಗಿದ ವಿಂಡ್‌ಸ್ಕ್ರೀನ್ ಗಾಜು, ಹಿಂದಿನ ಲೈಟಿನ ಕೆಂಪು ಕವಚ, ಕ್ರೋಮ್ ಪಟ್ಟಿಗಳಿಗೆ ಅಚ್ಚು ಬೇಕು. ಒಬ್ಬನ ಒಂದು ಗಾಡಿಗಾಗಿ ಅಚ್ಚು ಮಾಡಿಸುವುದು ಕೈಗೆಟುಕದ ಮಾತು. ಇನ್ನು ರಬ್ಬರಿನ ಸಾಮಾನು ಡಬ್ಬಿ ಒಡೆಯದೆ ನಲವತ್ತು ವರ್ಷ ಇದ್ದರೂ ಒಳಗೇ ಗಡಸಾಗಿ ಬಿರುಕು ಬಿಟ್ಟಿರುತ್ತದೆ. ಆದ್ದರಿಂದ ಬ್ರೇಕಿನ ಹೋಸು, ವೀಲ್ ಸಿಲಿಂಡರಿನ ವಾಷರುಗಳನ್ನು ಹಳೆಯ ಕಂಪನಿ ಮಾಲು ಎಂಬ ಮೋಹಕ್ಕೆ ಬಿದ್ದು ಯಾರೂ ಹಾಕಿಸಿಕೊಳ್ಳಬಾರದು, ಅವು ಹೊಸದಾಗಿಯೇ ಇರಬೇಕು.

ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರುಗಳನ್ನು 20,000 ರೂಪಾಯಿ ಶುಲ್ಕ ಕಟ್ಟಿ ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಈ ಷರತ್ತನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಅದೇ ವರ್ಷ ಜಾರಿಗೆ ಬಂದ ಗುಜರಿ ನೀತಿಯ ಪ್ರಕಾರ ಕೇಂದ್ರಗಳಿಗೆ ಬರುವ ಹಳೆಯ ಗಾಡಿಗಳು ಇದ್ದಂತೆಯೇ ಯಂತ್ರದ ಕೆಳಗೆ ಹೋಗುವುದಾದರೆ, ಮೂಲ ರೂಪವನ್ನು ಉಳಿಸಿಕೊಳ್ಳಲು ಬೇಕಾದ ಮೂಲ ಭಾಗಗಳು ಎಲ್ಲಿಂದ ಬರಬೇಕು? ಉತ್ಪಾದನೆ ನಿಂತುಹೋದ ಮಾದರಿಯ ಗಾಡಿ ಬಂದಾಗ ಅದರ ಗಾಜು, ಲಾಕು, ಹಿಡಿಕೆ, ಲೈಟು, ಕ್ರೋಮ್ ಪಟ್ಟಿಗಳನ್ನು ಬಿಚ್ಚಿ, ಮಾದರಿ ಮತ್ತು ವರ್ಷದ ಚೀಟಿ ಅಂಟಿಸಿ, ಯಾವ ಗಾಡಿಯಿಂದ ತೆಗೆದದ್ದೆಂದು ಬಿಲ್ಲಿನಲ್ಲಿ ನಮೂದಿಸಿ ಮಾರುವ ವ್ಯವಸ್ಥೆಯನ್ನು ರಾಜ್ಯದ ಸಾರಿಗೆ ಇಲಾಖೆ ಮಾಡಬೇಕೆಂದು ಈ ಮೂಲಕ ಕೋರುತ್ತೇನೆ. ಬ್ರೇಕು ಮತ್ತು ಸ್ಟೀರಿಂಗಿನ ಭಾಗಗಳನ್ನು ಇದರಿಂದ ಹೊರಗಿಡಲಿ. ಬಿಲ್ಲಿರುವ ಸಾಮಾನು ಸಿಗುವಂತಾದರೆ, ಕದ್ದ ಗಾಡಿಯದೋ ಎಂಬ ಅಳುಕಿನಲ್ಲಿ ಕೊಳ್ಳುವ ಪಾಡೂ ತಪ್ಪುತ್ತದೆ.

ಕುರ್ಲಾದ ಕಾರ್ಖಾನೆಯಲ್ಲಿ, ಗ್ಯಾರೇಜುಗಳಲ್ಲಿ ದುಡಿದ ಕನ್ನಡಿಗರು, ಟ್ಯಾಕ್ಸಿ ಓಡಿಸಿದವರು ಈ ಪತ್ರಿಕೆಯ ಓದುಗರಲ್ಲಿ ಇದ್ದೇ ಇರುತ್ತಾರೆ. ಅವರ ಮನೆಯ ಅಟ್ಟದ ಮೇಲೆ ಹಳೆಯ ಪಾರ್ಟ್ಸ್ ಕೆಟಲಾಗು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅದರಲ್ಲಿರುವ ನಂಬರು ಒಂದಿದ್ದರೆ ಅಂಗಡಿಯವನೂ ಕೊಳ್ಳುವವನೂ ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಾರೆ; ಅದಿಲ್ಲದ್ದರಿಂದಲೇ ನನಗೆ ಪದ್ಮಿನಿಯ ಲಾಕು ಕೈಸೇರಿದ್ದು. 1960ರ ದಶಕದ ಡಿಲೈಟಿನ ಕೆಟಲಾಗು ಯಾರಲ್ಲಾದರೂ ಇದ್ದರೆ, ಅದನ್ನು ಸ್ಕ್ಯಾನ್ ಮಾಡಿಸಿ ಬೇಕಾದವರಿಗೆಲ್ಲ ಪ್ರತಿ ಕೊಟ್ಟು ಮೂಲವನ್ನು ಜೋಪಾನವಾಗಿ ಹಿಂದಿರುಗಿಸುವ ಹೊಣೆ ನನ್ನದು. ನನ್ನ ವಿಳಾಸವನ್ನು ಪತ್ರಿಕೆಯ ಕಚೇರಿಯಲ್ಲಿ ಕೊಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಚೆಂಬೂರು, ಮುಂಬಯಿ