ನಿನ್ನ ಬದಲು ನಾನು ಕೂತ ತೋಟದ ಪಾಠ: ಇಂಗ್ಲೆಂಡಿನ ಲೀಡ್ಸ್‌ನ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಮೊದಲು ಎದ್ದು ಹೋಗಿ ಆ ಟೊಮೆಟೊ ಸಸಿಗಳನ್ನು ಒಳಗಿಟ್ಟು ಬಾ. ಆಮೇಲೆ ಕೂತು ಓದು.

ನಿನ್ನೆ ಫೋನಿನಲ್ಲಿ "ಲೀಡ್ಸ್‌ನಲ್ಲಿ ಎಂಥಾ ಬಿಸಿಲು ಗೊತ್ತೇನೋ, 20 ಡಿಗ್ರಿ, ಸಸಿಗಳನ್ನೆಲ್ಲ ಹಿತ್ತಲಿಗೆ ಇಳಿಸಿಬಿಟ್ಟೆ" ಅಂದೆಯಲ್ಲ, ಆಗಲೇ ಬೈಯೋಣ ಅಂತಿದ್ದೆ. ಅಷ್ಟರಲ್ಲಿ ಇಲ್ಲಿ ಗುಡುಗಿ ಕರೆಂಟು ಹೋಯಿತು. ಭರಣಿ ಮಳೆ ಈ ಸಲ ಮೋಸ ಮಾಡಲಿಲ್ಲ, ಮುಕ್ಕಾಲು ಗಂಟೆ ಸುರಿಯಿತು. ಅದಿರಲಿ. ನಿಮ್ಮೂರಿನ ಆ ಬಿಸಿಲೇ ಮೋಸ ಕಣೋ. ಹಗಲು ಆಕಾಶ ತಿಳಿಯಾಗಿದ್ದರೆ ಎಷ್ಟೋ ಸಲ ರಾತ್ರಿಯೂ ಹಾಗೇ ಇರುತ್ತದೆ. ಮೋಡದ ಹೊದಿಕೆ ಇಲ್ಲದ ರಾತ್ರಿ ನೆಲದ ಕಾವೆಲ್ಲ ಮೇಲಕ್ಕೆ ಹೊರಟುಹೋಗುತ್ತದೆ. ಗಾಳಿಯೂ ಇಲ್ಲದಿದ್ದರೆ ಬೆಳಗಿನ ಜಾವಕ್ಕೆ ನೆಲದ ಹತ್ತಿರ ಸೊನ್ನೆಗೆ ಇಳಿದು ಎಲೆ ಮೇಲೆ ಗಾಳಿಯ ತೇವ ಹಿಮದ ಹರಳಾಗಿ ಕೂರುತ್ತದೆ. ಇದನ್ನೇ ಅವರು ಫ್ರಾಸ್ಟ್ ಅನ್ನೋದು. ಎಲೆಯೊಳಗಿನ ನೀರೂ ಹೆಪ್ಪುಗಟ್ಟುತ್ತದೆ. ಬಿಸಿಲು ಬಂದ ಮೇಲೆ ನೋಡಿದರೆ ಟೊಮೆಟೊ ಸಸಿ ಬೇಯಿಸಿದ ದಂಟಿನ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿರುತ್ತದೆ. ನಿಮ್ಮ ಕಡೆ ಮೇ ಕೊನೆಯ ತನಕ ಈ ಭಯ ಇದ್ದೇ ಇದೆ. ಇದು ನನ್ನ ಮಾತಲ್ಲ, ನೀನು ದುಡ್ಡು ಕಟ್ಟಿದ ಪಾಠದ್ದು.

ಗೊತ್ತಿಲ್ಲದವರು ಓದಿದರೆ ನಗುತ್ತಾರೆ. ಲೀಡ್ಸ್‌ನಲ್ಲಿ ಮನೆ ಹಿಂದೆ ಅಂಗೈಯಗಲ ಜಾಗ ಇರುವವನು ನೀನು. ಆನ್‌ಲೈನ್ ತೋಟದ ತರಗತಿಗೆ ಸೇರಿದವನೂ ನೀನು. ಶನಿವಾರ ಡ್ಯೂಟಿ ಬಿತ್ತು ಅಂತ ನಿನ್ನ ಬದಲು ಎಂಟು ವಾರ ಲ್ಯಾಪ್‌ಟಾಪಿನ ಮುಂದೆ ಕೂತವನು ಚಿಕ್ಕಬಳ್ಳಾಪುರದಲ್ಲಿ ರಿಟೈರಾಗಿ ಕೂತಿರುವ ನಾನು. ಹೈಸ್ಕೂಲಿನಲ್ಲಿ ನಿನ್ನ ಹೋಂವರ್ಕ್ ಬರೆದುಕೊಟ್ಟಿದ್ದು ಸಾಲದೇನೋ? ಟೀಚರಮ್ಮನಿಗೆ ಮೊದಲ ದಿನವೇ ವಿಷಯ ಹೇಳಿದೆ. ಅವರು ಜೋರಾಗಿ ನಕ್ಕು, ಹಾಗಾದರೆ ನೋಟ್ಸ್ ಚೆನ್ನಾಗಿ ಬರೆದುಕೊಳ್ಳಿ ಅಂದರು.

ತರಗತಿ ಅಲ್ಲಿನ ಬೆಳಿಗ್ಗೆ 10ಕ್ಕೆ, ಇಲ್ಲಿನ ಮಧ್ಯಾಹ್ನ ಮೂರೂವರೆಗೆ. ಮಾರ್ಚ್ ಕೊನೆಯ ಭಾನುವಾರ ನಿಮ್ಮವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ ಅಂತ ನೀನಾದರೂ ಹೇಳಬಾರದಿತ್ತಾ? ಆಮೇಲೆ ಅಲ್ಲಿನ ಹತ್ತು ಅಂದರೆ ಇಲ್ಲಿನ ಎರಡೂವರೆ. ಮುಂದಿನ ಶನಿವಾರ ಮೂರೂವರೆಗೆ ಸರಿಯಾಗಿ ಕಾಫಿ ಲೋಟದ ಸಮೇತ ಹೋಗಿ ಕೂತರೆ ಎಲ್ಲರೂ ಕೈಬೀಸಿ ಟಾಟಾ ಹೇಳುತ್ತಿದ್ದರು. ಆವತ್ತಿನ ಪಾಠ ಕಾಂಪೋಸ್ಟು. ಅದೊಂದನ್ನು ನನ್ನ ಕೇಳಬೇಡ.

ಮೊದಲ ದಿನ ಎಲ್ಲರಿಗೂ ಒಂದೇ ಪ್ರಶ್ನೆ. ನಿಮ್ಮಲ್ಲಿ ಕೊನೆಯ ಫ್ರಾಸ್ಟ್ ಯಾವಾಗ? ಒಬ್ಬರು ಏಪ್ರಿಲ್ ಕೊನೆ ಅಂದರು, ಒಬ್ಬರು ಮೇ 20. ಸ್ಕಾಟ್ಲೆಂಡಿನ ಗುಡ್ಡದ ಮೇಲಿರುವ ಒಬ್ಬರು ಜೂನ್ ಮೊದಲ ವಾರ ಅಂದರು. ನಾನು "ನಮ್ಮಲ್ಲಿ ಅದು ಬೀಳೋದೇ ಇಲ್ಲ" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಏನೋ ದೊಡ್ಡ ಆಸ್ತಿ ಇದೆ ಅಂದ ಹಾಗೆ. ವಾರಾಂತ್ಯಕ್ಕೆ ನಂದಿ ಬೆಟ್ಟಕ್ಕೆ ಬರುವ ಬೆಂಗಳೂರಿನವರು ನಮ್ಮದನ್ನು ತಂಪು ಸೀಮೆ ಅನ್ನುತ್ತಾರೆ. 1,478 ಮೀಟರ್ ಎತ್ತರದಲ್ಲಿ ಡಿಸೆಂಬರ್ ಬೆಳಿಗ್ಗೆ ಸ್ವೆಟರ್ ಬೇಕು, ನಿಜ. ಆದರೆ ಬ್ರಿಟನ್ನಿನಂಥ ಸಮಶೀತೋಷ್ಣ ಹವೆ ಅಂದರೆ ಅದಲ್ಲ ಅಂತ ನನಗೆ ಆವತ್ತು ಅರ್ಥವಾಯಿತು. ಅಲ್ಲಿ ವರ್ಷಕ್ಕೊಂದು ಸಲ ಚಳಿ ಬಂದು ತೋಟಕ್ಕೆ ಬೀಗ ಹಾಕುತ್ತದೆ. ನಮ್ಮಲ್ಲಿ ಬೀಗ ಹಾಕೋದು ಬೇಸಿಗೆ, ಅದೂ ಬೋರ್‌ವೆಲ್ ಕೈಕೊಟ್ಟರೆ. ಅವರು ಕೊನೆಯ ಫ್ರಾಸ್ಟಿನಿಂದ ಹಿಂದಕ್ಕೆ ಎಣಿಸುತ್ತಾರೆ: ಟೊಮೆಟೊ ಬೀಜ ಆರೆಂಟು ವಾರ ಮೊದಲು ಕಿಟಕಿಯ ಒಳಗೆ, ಮೆಣಸಿನಕಾಯಿ ಇನ್ನೂ ಮೊದಲು, ಫೆಬ್ರವರಿಯಲ್ಲೇ. ನಾವು ಮಳೆ ನಕ್ಷತ್ರದಿಂದ ಮುಂದಕ್ಕೆ ಎಣಿಸುವವರು.

ನಿನ್ನ ಸಸಿಗಳನ್ನು ಒಂದೇ ಏಟಿಗೆ ಹೊರಗಿಡಬಾರದು ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ಕಿಟಕಿಯ ಹಿಂದೆ ಬೆಳೆದ ಗಿಡಕ್ಕೆ ಗಾಳಿ ಗೊತ್ತಿಲ್ಲ, ನೇರ ಬಿಸಿಲು ಗೊತ್ತಿಲ್ಲ. ಹಸುಗೂಸನ್ನು ಎಳೆಬಿಸಿಲಿಗೆ ಹಿಡಿಯುವ ಹಾಗೆ ಮೊದಲ ದಿನ ಒಂದೆರಡು ಗಂಟೆ, ಮಾರನೇ ದಿನ ಇನ್ನಷ್ಟು, ರಾತ್ರಿ ಮತ್ತೆ ಒಳಗೆ. ಹೀಗೆ ಹತ್ತು ಹದಿನಾಲ್ಕು ದಿನ. ಇದರಲ್ಲಿ ಹೊಸದೇನಿಲ್ಲ. ನಮ್ಮ ಕಡೆ ನರ್ಸರಿಯವರು ಪ್ರೋಟ್ರೇಯಲ್ಲಿ, ಅಂದರೆ ಗುಳಿಗುಳಿ ಇರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಸಸಿಯನ್ನು ರೈತರಿಗೆ ಕೊಡುವ ಮೊದಲು ನೆರಳು ಪರದೆ ಸರಿಸಿ, ನೀರು ಕಮ್ಮಿ ಮಾಡಿ ಗಟ್ಟಿ ಮಾಡುತ್ತಾರಲ್ಲ, ಅದೇ.

ಈಗ ನನ್ನ ಪೆದ್ದುತನದ ಕಥೆ. ನೆಲ ಅಗೆಯದೆ ತೋಟ ಮಾಡುವ ಪಾಠ ಒಂದಿತ್ತು. ಸಾಮರ್ಸೆಟ್‌ನ ಚಾರ್ಲ್ಸ್ ಡೌಡಿಂಗ್ ಅನ್ನುವ ತೋಟಗಾರರು ಇದರಲ್ಲಿ ಹೆಸರು ಮಾಡಿದವರು. ಅಗೆದ ಮಡಿ, ಅಗೆಯದ ಮಡಿ ಎರಡನ್ನೂ ಅಕ್ಕಪಕ್ಕ ಮಾಡಿ, ಬಂದ ಬೆಳೆಯನ್ನು ತೂಕ ಹಾಕಿ ಬರೆದಿಡುತ್ತಾರೆ. ವಿಧಾನ ಸುಲಭ. ಹುಲ್ಲಿನ ಮೇಲೆ ರಟ್ಟು ಹಾಸು, ನೀರು ಹುಯ್ಯಿ, ಮೇಲೆ 15 ಸೆಂಟಿಮೀಟರ್ ಗೊಬ್ಬರ ಸುರಿ, ಅದರಲ್ಲೇ ನೆಡು. ಕೆಳಗೆ ಬೆಳಕಿಲ್ಲದೆ ಹುಲ್ಲು ಸಾಯುತ್ತದೆ, ರಟ್ಟು ಕೊಳೆಯುತ್ತದೆ, ಮಿಕ್ಕಿದ್ದು ಎರೆಹುಳು ನೋಡಿಕೊಳ್ಳುತ್ತದೆ. ನನಗೋ ಸೊಂಟ ನೋವು, ಇದಕ್ಕಿಂತ ಬೇರೆ ಏನು ಬೇಕು. ಎದುರುಮನೆಯವರ ಹೊಸ ಫ್ರಿಜ್ಜಿನ ಡಬ್ಬ ತಂದು ಹಿತ್ತಲಲ್ಲಿ ಹಾಸಿದೆ. ಮೇಲೆ ಕುರಿಗೊಬ್ಬರ, ಎಲೆಗೊಬ್ಬರ. ಆರು ಬದನೆ ಸಸಿ.

ಮೂರು ವಾರಕ್ಕೆ ಎರಡು ಗಿಡ ಬಾಡಿದವು. ನೀರು ಹಾಕಿದರೂ ಏಳಲಿಲ್ಲ. ಮೆಲ್ಲಗೆ ಗೊಬ್ಬರ ಸರಿಸಿ ನೋಡಿದರೆ ರಟ್ಟೇ ಇಲ್ಲ! ರಟ್ಟಿನ ಜಾಗದಲ್ಲಿ ರಟ್ಟಿನದೇ ಆಕಾರಕ್ಕೆ ಕೆಮ್ಮಣ್ಣಿನ ಹಾಳೆ, ಅದರೊಳಗೆ ಬೆರಳು ದಪ್ಪದ ಸುರಂಗ, ಒಡೆದ ಕೂಡಲೇ ಅನ್ನದಗುಳಿನ ಹಾಗೆ ಬಿಳಿಬಿಳಿ ಗೆದ್ದಲು ಚೆಲ್ಲಾಪಿಲ್ಲಿ. ಎರಡು ಗಿಡದ ಬೇರೂ ಮುಗಿದಿತ್ತು. ಕಾಂಪೌಂಡಿನಾಚೆಯಿಂದ ಪಕ್ಕದ ಮನೆ ಅಜ್ಜಿ ಇಣುಕಿ, "ಗೆದ್ದಲಿಗೆ ಛತ್ರ ಕಟ್ಟಿಸಿದ್ದೀಯಲ್ಲಪ್ಪ" ಅಂದರು.

ಶನಿವಾರ ಮೊಬೈಲಿನ ಫೋಟೋ ತೋರಿಸಿದೆ. ಟೀಚರಮ್ಮ ಜೀವಮಾನದಲ್ಲಿ ಗೆದ್ದಲು ನೋಡಿದವರಲ್ಲ. ಅವರ ಪುಸ್ತಕದಲ್ಲಿ ರಟ್ಟನ್ನು ತಿನ್ನುವವರು ಯಾರೂ ಇಲ್ಲ. ಆಮೇಲೆ ಹುಡುಕಿ ಓದಿದೆ: ಬ್ರಿಟನ್ನಿನ ಡೆವನ್‌ನಲ್ಲಿ 1994ರಲ್ಲಿ ಒಂದು ಮನೆಯಲ್ಲಿ ಗೆದ್ದಲು ಕಾಣಿಸಿಕೊಂಡು, ಸರ್ಕಾರವೇ ಅದರ ಬೆನ್ನು ಹತ್ತಿ, ಎಲ್ಲಾ ನಾಶವಾಯಿತು ಅಂತ 2021ರಲ್ಲಿ ಹೇಳಿತಂತೆ. ಒಂದು ಗೂಡಿಗೆ ಅಷ್ಟು ವರ್ಷ! ನಮ್ಮ ಬೀದಿಗೆ ಬಂದರೆ ಏನು ಮಾಡುತ್ತಾರೋ. ನೀನು ಧೈರ್ಯವಾಗಿ ರಟ್ಟು ಹಾಸು. ನಾನು ಅಜ್ಜಿ ಮಾತು ಕೇಳಿ ಹೊಂಗೆ ಸೊಪ್ಪು ಹೊದಿಸಿದ್ದೇನೆ.

ಒಂದು ಪೂರ್ತಿ ತರಗತಿ ಚಿಪ್ಪಿಲ್ಲದ ಬಸವನಹುಳುವಿನ ಬಗ್ಗೆ. ಅವುಗಳಿಗೆ ಬಟ್ಟಲಲ್ಲಿ ಬಿಯರ್ ಇಟ್ಟು ಮುಳುಗಿಸುತ್ತಾರಂತೆ. ನಿನಗೆ ಬೇಕಾದ್ದು ಇಷ್ಟೇ: ಶೆಡ್ಡಿನಲ್ಲಿ ಹಳೇ ಬಾಡಿಗೆದಾರ ಬಿಟ್ಟುಹೋದ, ಈ ಹುಳುಗಳನ್ನು ಕೊಲ್ಲುವ ನೀಲಿ ಗುಳಿಗೆ ಇದೆ ಅಂದಿದ್ದೆಯಲ್ಲ, ಡಬ್ಬದ ಮೇಲೆ ಮೆಟಾಲ್ಡಿಹೈಡ್ ಅಂತ ಇದ್ದರೆ ಮುಟ್ಟಬೇಡ. ತೋಟದಲ್ಲಿ ಅದನ್ನು ಬಳಸೋದನ್ನು ಅಲ್ಲಿ 2022ರಿಂದ ನಿಲ್ಲಿಸಿದ್ದಾರೆ. ಆಲೂಗಡ್ಡೆಗೂ ಒಂದು ಲೆಕ್ಕ ಕೊಟ್ಟರು. ಸತತ ಎರಡು ದಿನ 10 ಡಿಗ್ರಿಗಿಂತ ಕೆಳಗಿಳಿಯದೆ, ದಿನಕ್ಕೆ 6 ಗಂಟೆಯಾದರೂ ಗಾಳಿಯ ತೇವ ಶೇಕಡ 90ಕ್ಕೆ ಮುಟ್ಟಿದರೆ ಎಲೆ, ಗಡ್ಡೆ ಕೊಳೆಸುವ ಅಂಗಮಾರಿ ರೋಗಕ್ಕೆ ಎಚ್ಚರಿಕೆ. ಇದನ್ನೇ ನಮ್ಮ ರೈತರು "ಮೋಡ ಮುಚ್ಚಿಕೊಂಡು ಜಿಟಿಜಿಟಿ ಹಿಡಿದರೆ ಗಡ್ಡೆ ಕಥೆ ಮುಗೀತು" ಅನ್ನೋದು. ಎರಡೂ ಕಡೆ ಒಂದೇ ರೋಗ, ನಿನ್ನ ಟೊಮೆಟೊಗೂ ಬರುತ್ತದೆ.

ಇನ್ನು ನಿನ್ನ ಅವರೆ ವಿಷಯ. ನಿಜ ಹೇಳಬೇಕೆಂದರೆ ಇದಕ್ಕೇ ಈ ಪತ್ರ.

ಹೋದ ವರ್ಷ ನಿಮ್ಮಮ್ಮ ಸೀರೆ ಚೂರಿನಲ್ಲಿ ಗಂಟು ಕಟ್ಟಿಕೊಟ್ಟ ಬೀಜ. ಬೇಲಿ ಹತ್ತಿತು, ಪಕ್ಕದವರ ಶೆಡ್ಡು ಹತ್ತಿತು, ಎಲೆಯೋ ಎಲೆ. ಆಗಸ್ಟ್ ಆಯಿತು, ಸೆಪ್ಟೆಂಬರ್ ಆಯಿತು, ಒಂದು ಹೂವಿಲ್ಲ. ನಾನು ಇಲ್ಲಿಂದ "ಗೊಬ್ಬರ ಜಾಸ್ತಿ ಆಗಿದೆ" ಅಂದೆ. ನಿಮ್ಮಮ್ಮ "ದೃಷ್ಟಿ ತಗುಲಿದೆ, ಹಳೇ ಚಪ್ಪಲಿ ಕಟ್ಟು" ಅಂದರು. ನೀನು ಕಟ್ಟಿದೆ ಬೇರೆ. ಅಕ್ಟೋಬರಿನಲ್ಲಿ ಎರಡು ಗೊಂಚಲು ಹೂ ಬಂತು ಅಂತ ಫೋಟೋ ಕಳಿಸಿದೆ. ಅದೇ ವಾರ ಫ್ರಾಸ್ಟ್ ಬಿದ್ದು ಬಳ್ಳಿ ಕಪ್ಪಾಯಿತು.

ಐದನೇ ಶನಿವಾರ ಈರುಳ್ಳಿ ಪಾಠ. ಈರುಳ್ಳಿ ಗಡ್ಡೆ ಕಟ್ಟೋದು ಹಗಲಿನ ಉದ್ದ ನೋಡಿ ಅಂತ ಹೇಳಿದರು. ಅಲ್ಲಿನ ತಳಿಗಳಿಗೆ 14 ಗಂಟೆ, ಇನ್ನೂ ಜಾಸ್ತಿ ಹಗಲು ಬೇಕು. ನಮ್ಮ ಗುಲಾಬಿ ಈರುಳ್ಳಿಯಂಥವಕ್ಕೆ 11-12 ಗಂಟೆ ಸಾಕು. ಅದನ್ನು ಕೇಳುತ್ತಿದ್ದ ಹಾಗೆ ನನಗೆ ನಿನ್ನ ಅವರೆ ಬಳ್ಳಿ ಕಣ್ಣ ಮುಂದೆ ಬಂತು. ಕೈ ಎತ್ತಿ ಕೇಳಿದೆ. ಹೌದಂತೆ ಕಣೋ. ನಮ್ಮ ಹಳೇ ಅವರೆ ಹಗಲು ಗಿಡ್ಡವಾಗುವ ತನಕ ಹೂ ಬಿಡೋದಿಲ್ಲ.

ನೆನಪು ಮಾಡಿಕೋ. ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಅವರೆ ಹಾಕುತ್ತಿದ್ದರಲ್ಲ. ಒಬ್ಬರು ಮೊದಲು ಬಿತ್ತಿರಲಿ, ಒಬ್ಬರು ತಿಂಗಳು ತಡವಾಗಿ ಬಿತ್ತಿರಲಿ, ಹೂ ಮಾತ್ರ ಹೆಚ್ಚುಕಮ್ಮಿ ಒಟ್ಟಿಗೇ. ಇಬ್ಬನಿ ಬಿದ್ದರೆ ಅವರೆ ಹೂವಾಗುತ್ತೆ ಅಂತ ನಾವು ಅಂದುಕೊಂಡಿದ್ದೆವು. ಇಬ್ಬನಿಯಲ್ಲ, ಹಗಲು. ನಮ್ಮೂರಿನಲ್ಲಿ ವರ್ಷದ ಉದ್ದದ ಹಗಲು 13 ಗಂಟೆಗೆ ಐದಾರು ನಿಮಿಷ ಕಮ್ಮಿ, ಗಿಡ್ಡ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಒಂದೂವರೆ ಗಂಟೆಯ ವ್ಯತ್ಯಾಸ. ಅರವತ್ತು ವರ್ಷ ಇಲ್ಲೇ ಇದ್ದ ನನಗೆ ಗೊತ್ತಾಗಿಲ್ಲ, ಅವರೆಗೆ ಗೊತ್ತಾಗುತ್ತದೆ. ನಿಮ್ಮಲ್ಲಿ ಜೂನಿನಲ್ಲಿ 17 ಗಂಟೆ ಹಗಲು. 12 ಗಂಟೆಗೆ ಇಳಿಯೋದು ಸೆಪ್ಟೆಂಬರ್ ಕೊನೆಗೆ. ಪಾಪ, ಬಳ್ಳಿ ನಾಲ್ಕು ತಿಂಗಳು ಸಂಜೆಯಾಗಲಿ ಅಂತ ಕಾಯಿತು. ಆಗುವ ಹೊತ್ತಿಗೆ ಚಳಿ ಬಂತು. ನಿಮ್ಮಮ್ಮನಿಗೆ ಇದನ್ನು ಹೇಳಿದೆ. ಅರ್ಥವಾಯಿತು, ಆದರೂ ಚಪ್ಪಲಿ ತೆಗೆಯಬೇಡ ಅಂದಿದ್ದಾರೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಗಲಿನ ತಕರಾರಿಲ್ಲ. ಅಕಾಲದಲ್ಲೂ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಕಾಣಿಸೋದು ಇಂಥ ತಳಿಗಳಿಂದಲೇ. ಸೊಗಡಿಲ್ಲ ಅನ್ನೋದು ನಮ್ಮನೆಯವಳ ದೂರು. ಆದರೆ ನಾನು ಕವರಿಗೆ ಹಾಕಿ ಪೋಸ್ಟ್ ಮಾಡೋ ಹಾಗಿಲ್ಲ. ಬೀಜಕ್ಕೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ನೀನು ಸೂಟ್‌ಕೇಸಿನಲ್ಲಿ ಗಂಟು ಒಯ್ದದ್ದೂ ತಪ್ಪೇ, ಇನ್ನೊಮ್ಮೆ ಮಾಡಬೇಡ.

ಬದಲಿಗೆ ಒಂದು ಉಪಾಯ ಇದೆ. ಅಲ್ಲಿ ಬ್ರಾಡ್ ಬೀನ್ಸ್ ಅಂತ ಬೆಳೆಯುತ್ತಾರೆ. ಟೀಚರಮ್ಮ ಕ್ಯಾಮೆರಾ ಮುಂದೆ ಕಾಯಿ ಸುಲಿದು ತೋರಿಸಿದರು. ಒಳಗೆ ಬಿಳಿ ಹತ್ತಿಯಂಥ ಹಾಸಿಗೆ, ಅದರಲ್ಲಿ ದಪ್ಪ ದಪ್ಪ ಕಾಳು. ಕಾಳನ್ನು ಬಿಸಿನೀರಿಗೆ ಹಾಕಿ ತೆಗೆದು, ತುದಿಯನ್ನು ಉಗುರಿನಿಂದ ಚಿವುಟಿ ಎರಡು ಬೆರಳಲ್ಲಿ ಒತ್ತಿದರು. ಸಿಪ್ಪೆ ಕೈಯಲ್ಲಿ ಉಳಿದು ಹಸಿರು ಬೇಳೆ ಚಿಮ್ಮಿ ಬಟ್ಟಲಿಗೆ ಬಿತ್ತು. ನಮ್ಮನೆಯವಳು ಹಿಂದೆ ನಿಂತಿದ್ದವಳು "ಅಯ್ಯೋ, ಹಿತಕಿದ ಬೇಳೆ!" ಅಂತ ಕೂಗಿದಳು. ನಾನು ಮೈಕ್ ಆಫ್ ಮಾಡಿರಲಿಲ್ಲ. ಇಡೀ ತರಗತಿಗೆ ಕೇಳಿಸಿತು. ಆಮೇಲೆ ಹತ್ತು ನಿಮಿಷ ಅವಳೇ ಪಾಠ ಮಾಡಿದಳು: ರಾತ್ರಿ ನೆನೆಸಬೇಕು, ಮನೆಮಂದಿಯೆಲ್ಲ ಟೀವಿ ಮುಂದೆ ಕೂತು ಹಿತುಕಬೇಕು, ಸಾರಿಗೆ ಗಸಗಸೆ ಮರೆಯಬಾರದು. ನಾನು ಹರುಕುಮುರುಕು ಇಂಗ್ಲಿಷಿನಲ್ಲಿ ಅನುವಾದ ಮಾಡಿದೆ.

ಈ ವರ್ಷ ಬಿತ್ತನೆಗೆ ತಡವಾಯಿತು. ನವೆಂಬರಿನಲ್ಲಿ ಹಾಕು. ಆಕ್ವಾಡುಲ್ಚೆ ಕ್ಲಾಡಿಯಾ ಅಂತ ತಳಿ ಕೇಳು, ಚಳಿ ತಡೆಯುತ್ತದೆ. ಎರಡು ಇಂಚು ಆಳ, ಒಂದು ಗೇಣು ದೂರ. ಚಳಿಗಾಲವೆಲ್ಲ ಬೆರಳುದ್ದ ನಿಂತಿದ್ದು ಫೆಬ್ರವರಿ ದಾಟಿದ ಮೇಲೆ ಏಳುತ್ತದೆ. ಕೆಳಗೆ ಮೊದಲ ಕಾಯಿ ಕಚ್ಚಿದ ಕೂಡಲೇ ಕುಡಿ ಚಿವುಟು, ಇಲ್ಲದಿದ್ದರೆ ಕರಿ ಹೇನು ಮುತ್ತುತ್ತದೆ. ಚಿವುಟಿದ ಕುಡಿಯನ್ನು ಸೊಪ್ಪಿನ ಹಾಗೆ ಬೇಯಿಸಿ ತಿನ್ನಬಹುದಂತೆ, ಬಸ್ಸಾರು ಮಾಡಿ ನೋಡು. ಅವರೆಯ ಸೊಗಡು ಅದರಲ್ಲಿ ಬರೋದಿಲ್ಲ, ಆಸೆ ಇಟ್ಟುಕೊಳ್ಳಬೇಡ. ಮುದ್ದೆಗೆ ಹೊಂದುತ್ತೋ ಇಲ್ಲವೋ ನೀನೇ ಹೇಳಬೇಕು.

ಹಿತ್ತಲಲ್ಲಿ ಉಳಿದ ನಾಲ್ಕು ಬದನೆ ಹೂ ಬಿಟ್ಟಿವೆ. ಮತ್ತೆ ಮೋಡ ಕಟ್ಟುತ್ತಿದೆ, ಒಣಗಿದ ಬಟ್ಟೆ ತೆಗೆಯಿರಿ ಅಂತ ಒಳಗಿಂದ ಕೂಗು. ಸಸಿ ಒಳಗಿಟ್ಟ ಮೇಲೆ ಒಂದು ಫೋಟೋ ಕಳಿಸು, ನಿನ್ನ ಮಾತನ್ನು ನಾನು ನಂಬೋದಿಲ್ಲ.

ನಿನ್ನ,
ಮೂರನೇ ಬೆಂಚಿನ ಜೊತೆಗಾರ
ಚಿಕ್ಕಬಳ್ಳಾಪುರ